ಮಳೆಬೀದಿಗೆ ಇಳಿದ ಜೇಬಿನ ಕ್ಯಾಮೆರಾ: ಆಸ್ಕರ್ ಬಾರ್ನಾಕ್ ಎಂಬ ಮೆಕ್ಯಾನಿಕ್‌ನ ಬದುಕು

ಚಿತ್ರದುರ್ಗದ ಕಡೆಯವರಿಗೆ ಮಳೆ ಅಂದ್ರೆ ಬರೀ ಹವಾಮಾನ ಅಲ್ಲ, ಸುದ್ದಿ. ಬಯಲುಸೀಮೆಯ ಈ ಜಿಲ್ಲೆಯಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಜನ ಹೊರಗೆ ಬಂದು ನೋಡ್ತಾರೆ. ಚಂದ್ರವಳ್ಳಿ ಕೆರೆಗೆ ನೀರು ಬಂತಾ, ಕೋಟೆಯ ಹೊಂಡಗಳು ತುಂಬಿದವಾ, ಸಂತೆಹೊಂಡ ಎಲ್ಲಿಗೆ ಮುಟ್ಟಿತು ಅಂತ ವಿಚಾರಿಸ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರ ಕೋಡಿ ಬಿದ್ದಾಗ ಜನ ಜಾತ್ರೆಗೆ ಹೊರಟಂತೆ ಅತ್ತ ಹೊರಟರು. ಅದಕ್ಕೆ ಮುಂಚೆ ಆ ಅಣೆಕಟ್ಟು ಕೋಡಿ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ.

ಆ ಎರಡು ಕೋಡಿಗಳ ನಡುವೆ ಬದಲಾದದ್ದು ಬಹಳ. ಅದರಲ್ಲಿ ಒಂದನ್ನು ಮಾತ್ರ ಇಲ್ಲಿ ನೋಡೋಣ. 1933ರ ಹೊತ್ತಿಗೆ ನಮ್ಮೂರುಗಳಲ್ಲಿ ಫೋಟೋ ಅಂದ್ರೆ ಸ್ಟುಡಿಯೋ. ಮೂರು ಕಾಲಿನ ಸ್ಟ್ಯಾಂಡು, ಕಪ್ಪು ಬಟ್ಟೆ, ಗಾಜಿನ ಪ್ಲೇಟು, ಅಲುಗಾಡದೆ ಕೂತ ಮನೆಮಂದಿ. 2022ರಲ್ಲಿ ಕೋಡಿ ನೋಡೋಕೆ ಬಂದವರಲ್ಲಿ ಕ್ಯಾಮೆರಾ ಇಲ್ಲದವರನ್ನ ಹುಡುಕಬೇಕಿತ್ತು. ಹನಿ ಬೀಳ್ತಿದ್ದರೂ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಬೈಲು.

ಕ್ಯಾಮೆರಾ ಸ್ಟ್ಯಾಂಡಿನಿಂದ ಇಳಿದು ಜೇಬಿಗೆ ಬಂದದ್ದು ತನ್ನಷ್ಟಕ್ಕೆ ತಾನೇ ಆದದ್ದಲ್ಲ. ಅದಕ್ಕಾಗಿ ತಲೆ ಕೆಡಿಸಿಕೊಂಡವರು ಅನೇಕರು. ಅವರಲ್ಲಿ ಮುಖ್ಯನಾದವನು ಪದವಿ ಇಲ್ಲದ, ದಮ್ಮಿನ ಕಾಯಿಲೆಯಿಂದ ನರಳುತ್ತಿದ್ದ ಒಬ್ಬ ಜರ್ಮನ್ ಕುಶಲಕರ್ಮಿ. ಹೆಸರು ಆಸ್ಕರ್ ಬಾರ್ನಾಕ್. 1920ರಲ್ಲಿ ತಾನಿದ್ದ ಊರಿನ ಬೀದಿಗಳಿಗೆ ನೆರೆ ನುಗ್ಗಿದಾಗ, ತಾನೇ ಮಾಡಿಕೊಂಡಿದ್ದ ಪುಟ್ಟ ಕ್ಯಾಮೆರಾ ಹಿಡಿದು ಹೊರಟವನು ಈತ. ಇವತ್ತು ಮಳೆಗಾಲದಲ್ಲಿ ನಾವು ಬೀದಿಗಿಳಿದು ತೆಗೆಯುವ ಪ್ರತಿ ಫೋಟೋಗೂ ಈತನ ಹಂಗಿದೆ.

ಎಂಟು ಗಂಟೆ ಕೆಲಸ, ಭಾನುವಾರದ ಕಾಡು

ಬಾರ್ನಾಕ್ ಹುಟ್ಟಿದ್ದು 1879ರ ನವೆಂಬರ್ 1ರಂದು, ಬರ್ಲಿನ್‌ನ ದಕ್ಷಿಣಕ್ಕಿರುವ ಲೀನೋ ಎಂಬ ಹಳ್ಳಿಯಲ್ಲಿ. ಹುಡುಗ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಬರ್ಲಿನ್ ಪಕ್ಕದ ಲಿಕ್ಟರ್‌ಫೆಲ್ಡೆಯಲ್ಲಿ ಖಗೋಳ ಉಪಕರಣಗಳನ್ನು ಮಾಡುತ್ತಿದ್ದ ಒಬ್ಬ ಮೆಕ್ಯಾನಿಕ್‌ನ ಹತ್ತಿರ ಕೆಲಸಕ್ಕೆ ಸೇರಿ ಕಲಿತ. ಆ ಕಾಲದ ಜರ್ಮನಿಯಲ್ಲಿ ಕಸುಬು ಕಲಿತ ಹುಡುಗರು ಊರೂರು ಸುತ್ತಿ, ಬೇರೆ ಬೇರೆ ಕಾರ್ಖಾನೆಗಳಲ್ಲಿ ದುಡಿದು ಕೈ ಪಳಗಿಸಿಕೊಳ್ಳುವ ರೂಢಿ ಇತ್ತು. ಬಾರ್ನಾಕ್ ಕೂಡ ಹಾಗೆ ಸುತ್ತಿದ. ಕೊನೆಗೆ 1902ರಲ್ಲಿ ಯೆನಾ ನಗರದ ಕಾರ್ಲ್ ಝೈಸ್ ಕಾರ್ಖಾನೆ ಸೇರಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಝೈಸ್ ಸಾಮಾನ್ಯ ಕಾರ್ಖಾನೆ ಆಗಿರಲಿಲ್ಲ. ಅದನ್ನು ನಡೆಸುತ್ತಿದ್ದ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ, ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದವನ ಮಗ. ಅಪ್ಪ ದಿನಕ್ಕೆ ಹದಿನಾಲ್ಕು, ಹದಿನಾರು ಗಂಟೆ ದುಡಿದು ಬಸವಳಿದದ್ದನ್ನು ಕಣ್ಣಾರೆ ಕಂಡವನು. 1889ರಲ್ಲಿ ಆತ ಒಂದು ಪ್ರತಿಷ್ಠಾನ ಸ್ಥಾಪಿಸಿದ, ಮುಂದೆ ಕಂಪನಿಯಲ್ಲಿದ್ದ ತನ್ನ ಪಾಲನ್ನೇ ಅದಕ್ಕೆ ಬಿಟ್ಟುಕೊಟ್ಟ. 1900ರಲ್ಲಿ ಝೈಸ್ ಕಾರ್ಖಾನೆಯಲ್ಲಿ ಎಂಟು ಗಂಟೆ ಕೆಲಸದ ದಿನ ಜಾರಿಗೆ ಬಂತು. ಸಂಬಳ ಸಹಿತ ರಜೆ, ಪಿಂಚಣಿ ಕೂಡ ಇದ್ದವು. ಜರ್ಮನಿಯ ಎಲ್ಲ ಕಾರ್ಮಿಕರಿಗೆ ಎಂಟು ಗಂಟೆಯ ದಿನ ಸಿಗೋಕೆ 1918ರ ಕ್ರಾಂತಿಯೇ ಆಗಬೇಕಾಯ್ತು.

ಬಾರ್ನಾಕ್ ಕೆಲಸಕ್ಕೆ ಸೇರಿದ್ದು ಇಂಥ ಜಾಗಕ್ಕೆ. ರಜೆಯ ದಿನ ಕ್ಯಾಮೆರಾ ಹೊತ್ತು ಪಕ್ಕದ ಥುರಿಂಜಿಯಾ ಕಾಡಿಗೆ ಹೋಗುವುದು ಆತನಿಗೆ ಹವ್ಯಾಸವಾಯ್ತು. ಕೂಲಿಗಾಗಿ ಮಾಡುವ ಕೆಲಸದ ಆಚೆಗೆ ಒಬ್ಬ ಕಾರ್ಮಿಕನಿಗೆ ಉಳಿದ ಸಮಯದಲ್ಲಿ ಜಗತ್ತಿನ ಒಂದು ದೊಡ್ಡ ವಿಚಾರ ಮೊಳಕೆ ಒಡೆಯಿತು. ವಾರಕ್ಕೆ 70 ಗಂಟೆ ದುಡೀರಿ, 90 ಗಂಟೆ ದುಡೀರಿ ಅಂತ ನಮ್ಮ ದೊಡ್ಡ ದೊಡ್ಡ ಉದ್ಯಮಿಗಳು ಯುವಕರಿಗೆ ಬುದ್ಧಿ ಹೇಳುವ ಈ ಕಾಲದಲ್ಲಿ ಈ ಮಾತು ನೆನಪಿರಲಿ.

ಭಾರ ಅನ್ನೋದೇ ಸಮಸ್ಯೆ

ಆದರೆ ಕಾಡಿನ ದಾರಿ ಏರುದಾರಿ, ಕ್ಯಾಮೆರಾ ಭಾರ. ಬಾರ್ನಾಕ್ ಹೊರುತ್ತಿದ್ದದ್ದು 13×18 ಸೆಂಟಿಮೀಟರ್‌ನ ಗಾಜಿನ ಪ್ಲೇಟು ಬಳಸುವ ಕ್ಯಾಮೆರಾ. ಮರದ ಪೆಟ್ಟಿಗೆ, ಸ್ಟ್ಯಾಂಡು, ಚೀಲದ ತುಂಬ ಪ್ಲೇಟುಗಳು. ಗಾಜಿನ ತೂಕ ಎಷ್ಟು ಅಂತ ಕಿಟಕಿಯ ಗಾಜು ಸಾಗಿಸಿದವರಿಗೆ ಗೊತ್ತು. ಬಾರ್ನಾಕ್‌ಗೆ ಮೊದಲೇ ಅಸ್ತಮಾ. ನಾಲ್ಕು ಹೆಜ್ಜೆ ಏರಿದರೆ ಏದುಸಿರು. ಗಟ್ಟಿಮುಟ್ಟಾದ ಆಳಾಗಿದ್ದರೆ ಪ್ರಾಯಶಃ ಹೊತ್ತುಕೊಂಡೇ ಹೋಗುತ್ತಿದ್ದನೋ ಏನೋ. ಆತನಿಗೆ ಅದು ಆಗುತ್ತಿರಲಿಲ್ಲ, ಹಾಗಾಗಿ ಯೋಚನೆ ಮಾಡಿದ.

ಎಂಜಿನಿಯರಿಂಗ್ ಓದಿದ ನಮಗೆ ಕಾಲೇಜಿನಲ್ಲಿ ಡಿಸೈನ್ ಅಂದ್ರೆ ಸೂತ್ರ, ಗ್ರಾಫು ಅಂತಲೇ ಕಲಿಸಿದರು. ಯಾರ ಮೈಗೆ ಯಾವ ಯಂತ್ರ ಹೊಂದುತ್ತೆ ಅನ್ನೋ ಪ್ರಶ್ನೆ ಸಿಲಬಸ್‌ನಲ್ಲಿ ಇರಲಿಲ್ಲ. ಬಾರ್ನಾಕ್‌ನ ಕತೆ ಅಲ್ಲಿಂದಲೇ ಶುರುವಾಗುತ್ತೆ. ಕಾಯಿಲೆಯ ಮೈಗೆ ಕ್ಯಾಮೆರಾ ಒಗ್ಗದಿದ್ದರೆ ಬದಲಾಗಬೇಕಾದದ್ದು ಕ್ಯಾಮೆರಾ, ಮೈ ಅಲ್ಲ.

ಮೊದಲ ಪ್ರಯತ್ನ ಸೋತಿತು. ಅದೇ ದೊಡ್ಡ ಪ್ಲೇಟಿನ ಮೇಲೆ ಹದಿನೈದು, ಇಪ್ಪತ್ತು ಪುಟ್ಟ ಪುಟ್ಟ ಚಿತ್ರಗಳನ್ನು ಸಾಲಾಗಿ ತೆಗೆಯೋಕಾಗುತ್ತಾ ಅಂತ ನೋಡಿದ. ತೆಗೆಯಬಹುದಿತ್ತು, ಆದರೆ ದೊಡ್ಡದು ಮಾಡಿದರೆ ಬರೀ ಕಾಳು ಕಾಳು. ಆಗಿನ ಪ್ಲೇಟಿನ ರಾಸಾಯನಿಕ ಲೇಪನ ಅಷ್ಟು ಸೂಕ್ಷ್ಮ ವಿವರ ಹಿಡಿಯುವಷ್ಟು ನಯವಾಗಿರಲಿಲ್ಲ. ವಿಚಾರ ಸರಿಯಿತ್ತು, ಅದಕ್ಕೆ ತಕ್ಕ ವಸ್ತು ಸಿಕ್ಕಿರಲಿಲ್ಲ. ಬಾರ್ನಾಕ್ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡ.

ಸಿನಿಮಾದಿಂದ ಕಡ ತಂದ ಪಟ್ಟಿ

ಝೈಸ್‌ನಲ್ಲಿದ್ದ ಗೆಳೆಯ ಎಮಿಲ್ ಮೆಖಾವ್, ವೆಟ್ಸ್‌ಲಾರ್ ಎಂಬ ಊರಿನ ಅರ್ನ್ಸ್ಟ್ ಲೈಟ್ಸ್ ಕಂಪನಿಗೆ ಹೋಗಿ ಸಿನಿಮಾ ಪ್ರೊಜೆಕ್ಟರ್ ಮಾಡುತ್ತಿದ್ದ. ಆತನ ಶಿಫಾರಸಿನಿಂದ 1911ರ ಜನವರಿಯಲ್ಲಿ ಬಾರ್ನಾಕ್ ಅಲ್ಲಿಗೆ ಬಂದ. ವೆಟ್ಸ್‌ಲಾರ್ ಲಾನ್ ನದಿಯ ದಡದ ಹಳೇ ಪಟ್ಟಣ. ಮರದ ತೊಲೆಗಳನ್ನು ಹೊರಗೆ ಕಾಣುವ ಹಾಗೆ ಕಟ್ಟಿದ ಮನೆಗಳು, ಇಕ್ಕಟ್ಟಿನ ಓಣಿಗಳು. ಕವಿ ಗಯಟೆ 1772ರಲ್ಲಿ ಕೆಲವು ತಿಂಗಳು ಇಲ್ಲಿದ್ದು, ಇಲ್ಲಿ ಮುರಿದ ಮನಸ್ಸನ್ನೇ ಕಾದಂಬರಿ ಮಾಡಿದ್ದ. ಲೈಟ್ಸ್ ಕಂಪನಿಯ ಹೆಸರು ಮೈಕ್ರೋಸ್ಕೋಪ್‌ಗೆ. ಸಣ್ಣದನ್ನು ದೊಡ್ಡದಾಗಿ ತೋರಿಸೋದೇ ಅವರ ಕಸುಬು. ಬಾರ್ನಾಕ್‌ನ ಹಳೇ ವಿಚಾರಕ್ಕೆ ಇದಕ್ಕಿಂತ ಒಳ್ಳೆ ಮನೆ ಸಿಗೋಕೆ ಸಾಧ್ಯವಿರಲಿಲ್ಲ.

ಆತನನ್ನು ಪ್ರಯೋಗ ವಿಭಾಗಕ್ಕೆ ಹಾಕಿದರು. ಸಿನಿಮಾ ಕ್ಯಾಮೆರಾ ಕೂಡ ಆತನ ಕೈಗೆ ಬಂತು. ಆಗ ಸಿನಿಮಾ ಮಾಡುವವರು ಬಳಸುತ್ತಿದ್ದದ್ದು 35 ಮಿಲಿಮೀಟರ್ ಅಗಲದ, ಎರಡೂ ಅಂಚಿನಲ್ಲಿ ತೂತುಗಳಿರುವ ಫಿಲ್ಮ್. ಅಮೆರಿಕದ ಎಡಿಸನ್ ಪ್ರಯೋಗಾಲಯದಲ್ಲಿ 1890ರ ದಶಕದ ಆರಂಭದಲ್ಲಿ ರೂಪುಗೊಂಡ ಅಳತೆ ಅದು. ಹಗುರ, ಸುರುಳಿ ಸುತ್ತಬಹುದು, ಗಾಜಿನಂತೆ ಒಡೆಯೋದಿಲ್ಲ. ಒಂದೊಂದು ಸಿನಿಮಾ ಚೌಕಟ್ಟು 18×24 ಮಿಲಿಮೀಟರ್. ಅದು ಸ್ಥಿರಚಿತ್ರಕ್ಕೆ ತೀರಾ ಚಿಕ್ಕದಾಯ್ತು. ಬಾರ್ನಾಕ್ ಮಾಡಿದ್ದು ಸರಳ ಉಪಾಯ. ಫಿಲ್ಮನ್ನು ಅಡ್ಡ ಓಡಿಸಿ, ಎರಡು ಚೌಕಟ್ಟು ಸೇರಿಸಿ ಒಂದು ಮಾಡಿದ. 24×36 ಮಿಲಿಮೀಟರ್.

ಲೆಕ್ಕ ಹಾಕಿ ನೋಡಿ. ಹಳೇ 13×18 ಸೆಂಟಿಮೀಟರ್ ಪ್ಲೇಟಿನ ವಿಸ್ತೀರ್ಣ 23,400 ಚದರ ಮಿಲಿಮೀಟರ್. ಹೊಸ ಚೌಕಟ್ಟು 864. ಅಂದ್ರೆ ಹತ್ತಿರ ಹತ್ತಿರ 27 ಪಟ್ಟು ಚಿಕ್ಕದು. ಕೆಲವೇ ಗ್ರಾಂ ತೂಗುವ ಒಂದೂವರೆ ಮೀಟರ್ ಪಟ್ಟಿಯಲ್ಲಿ 36 ಚಿತ್ರ. ಇಷ್ಟು ಚಿಕ್ಕ ನೆಗೆಟಿವ್‌ನಿಂದ ದೊಡ್ಡ ಚಿತ್ರ ಬರಬೇಕಾದ್ರೆ ಲೆನ್ಸು ಹರಿತವಾಗಿರಬೇಕು, ಫಿಲ್ಮ್ ಒಂದಿಷ್ಟೂ ಅಲುಗದೆ ಸಮತಟ್ಟಾಗಿ ಕೂರಬೇಕು, ಯಂತ್ರದ ಭಾಗಗಳು ಕೂದಲೆಳೆ ಲೆಕ್ಕದಲ್ಲಿ ಹೊಂದಬೇಕು. ಪೆಟ್ಟಿಗೆ ಚಿಕ್ಕದು ಮಾಡೋದು ಸುಲಭ, ಚಿಕ್ಕದರಲ್ಲಿ ತಪ್ಪು ಆಗದ ಹಾಗೆ ನೋಡಿಕೊಳ್ಳೋದು ಕಷ್ಟ.

ಒಂದು ಮಾತು ಸ್ಪಷ್ಟವಾಗಿರಲಿ. ಕೈಯಲ್ಲಿ ಹಿಡಿಯುವ ಕ್ಯಾಮೆರಾ ಬಾರ್ನಾಕ್‌ಗಿಂತ ಮುಂಚೆಯೇ ಇತ್ತು. ಕೊಡ್ಯಾಕ್ ಡಬ್ಬಿ ಬಂದದ್ದು 1888ರಲ್ಲಿ. ಕೋಟಿನ ಜೇಬಿನಲ್ಲಿ ಮಡಿಚಿಡುವ ಕೊಡ್ಯಾಕ್ 1912ರಲ್ಲೇ ಬಂದಿತ್ತು. ಸಿನಿಮಾ ಫಿಲ್ಮ್ ಬಳಸಿ ಸ್ಥಿರಚಿತ್ರ ತೆಗೆಯುವ ಪ್ರಯತ್ನಗಳನ್ನು ಬೇರೆಯವರೂ ಮಾಡಿದ್ದರು. ಬಾರ್ನಾಕ್‌ನ ಹೆಚ್ಚುಗಾರಿಕೆ ಇರೋದು ಚಿಕ್ಕದು, ಚುರುಕು, ನಿಖರ ಈ ಮೂರನ್ನೂ ಒಂದೇ ಯಂತ್ರದಲ್ಲಿ ತಂದದ್ದರಲ್ಲಿ. ಒಬ್ಬನೇ ಮಹಾಪುರುಷ ಎಲ್ಲವನ್ನೂ ಕಂಡುಹಿಡಿದ ಅನ್ನುವ ಕತೆ ಕೇಳೋಕೆ ಚೆಂದ. ನಿಜದಲ್ಲಿ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು.

1914ರ ಮಾರ್ಚ್ ಹೊತ್ತಿಗೆ ಆತನ ಮೊದಲ ಲೋಹದ ಕ್ಯಾಮೆರಾ ಸಿದ್ಧವಾಗಿತ್ತು. ತನ್ನ ಕೆಲಸದ ಪುಸ್ತಕದಲ್ಲಿ ಅದನ್ನು ಲಿಲಿಪುಟ್ ಅಂತ ಕರೆದುಕೊಂಡಿದ್ದ. ಗಲಿವರನ ಕತೆಯ ಕುಳ್ಳರ ದೇಶದ ಹೆಸರು. ಷಟರ್ ಏರಿಸುವಾಗ ಬೆಳಕು ಒಳಗೆ ಹೋಗದ ಹಾಗೆ ಲೆನ್ಸಿಗೊಂದು ಮುಚ್ಚಳ, ಕೋಟಿನ ಜೇಬಿಗೆ ಸೇರುವ ಗಾತ್ರ. ಮಾಲೀಕನ ಮಗ ಅರ್ನ್ಸ್ಟ್ ಲೈಟ್ಸ್ (ಎರಡನೆಯ) ಅದೇ ವರ್ಷ ಇಂಥದ್ದೊಂದು ಕ್ಯಾಮೆರಾವನ್ನು ನ್ಯೂಯಾರ್ಕ್‌ಗೆ ಒಯ್ದು ಬೀದಿಯ ಚಿತ್ರ ತೆಗೆದ. ಎಲ್ಲ ಸರಿಹೋಗಿದ್ದರೆ ಅದು ಆಗಲೇ ಅಂಗಡಿಗೆ ಬರುತ್ತಿತ್ತೋ ಏನೋ. ಆದರೆ ಆ ಬೇಸಿಗೆಯಲ್ಲಿ ಯುರೋಪ್ ಯುದ್ಧಕ್ಕೆ ಇಳಿಯಿತು.

ಆದೇಶ ಅಂಟಿಸಿದ ಸೈನಿಕ, ನೀರು ತುಂಬಿದ ಓಣಿ

1914ರ ಆಗಸ್ಟ್‌ನಲ್ಲಿ ಬಾರ್ನಾಕ್ ತನ್ನ ಪುಟ್ಟ ಕ್ಯಾಮೆರಾದಿಂದ ವೆಟ್ಸ್‌ಲಾರ್ ಬೀದಿಯಲ್ಲಿ ಒಂದು ಚಿತ್ರ ತೆಗೆದ. ಸೈನ್ಯ ಸಜ್ಜಾಗಬೇಕು ಎಂಬ ಚಕ್ರವರ್ತಿಯ ಆದೇಶವನ್ನು ಆಗತಾನೇ ಅಂಟಿಸಿದ ಒಬ್ಬ ಸೈನಿಕ. ಮುಂದಿನ ನಾಲ್ಕು ವರ್ಷದಲ್ಲಿ ಆ ಆದೇಶ ಏನೇನು ಮಾಡಿತು ಅಂತ ನಮಗೆ ಗೊತ್ತು. ಅವತ್ತು ಆ ಬೀದಿಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಭಾರದ ಕ್ಯಾಮೆರಾ ಆಗಿದ್ದರೆ ಸ್ಟ್ಯಾಂಡು ನಿಲ್ಲಿಸೋ ಹೊತ್ತಿಗೆ ಆ ಗಳಿಗೆಯೇ ಹೋಗಿರುತ್ತಿತ್ತು. ಇಲ್ಲವೇ ಎಲ್ಲರೂ ಕ್ಯಾಮೆರಾ ಕಡೆ ತಿರುಗಿ, ಮೀಸೆ ತಿರುವಿ, ಎದೆಯುಬ್ಬಿಸಿ ನಿಂತಿರುತ್ತಿದ್ದರು.

ಆರು ವರ್ಷದ ನಂತರ ನೀರು ಬಂತು. 1920ರಲ್ಲಿ ಲಾನ್ ನದಿ ಉಕ್ಕಿ ವೆಟ್ಸ್‌ಲಾರ್‌ನ ಹಳೇ ಬೀದಿಗಳಿಗೆ ನುಗ್ಗಿತು. ಬಾರ್ನಾಕ್ ಲಿಲಿಪುಟ್ ಹಿಡಿದು ಹೊರಟ. ಆತ ತಂದದ್ದು ಒಂದು ಚಿತ್ರ ಅಲ್ಲ, ಚಿತ್ರಗಳ ಸರಣಿ. ಫೋಟೋಗ್ರಫಿಯ ಇತಿಹಾಸ ಬರೆಯುವವರು 35 ಮಿಲಿಮೀಟರ್ ಕ್ಯಾಮೆರಾದಲ್ಲಿ ಮಾಡಿದ ಮೊದಮೊದಲ ವರದಿಗಾರಿಕೆ ಅಂತ ಹೆಸರಿಸುವುದು ಈ ನೆರೆಯ ಚಿತ್ರಗಳನ್ನೇ.

ಸರಣಿ ಅನ್ನೋ ಮಾತಿಗೆ ಇಲ್ಲಿ ಬಹಳ ತೂಕ ಇದೆ. ಗಾಜಿನ ಪ್ಲೇಟಿನ ಕ್ಯಾಮೆರಾದವನು ಮಳೆಯಲ್ಲಿ ಏನು ಮಾಡಬೇಕಿತ್ತು, ಯೋಚಿಸಿ. ಸ್ಟ್ಯಾಂಡಿನ ಕಾಲು ನೀರಲ್ಲಿ. ಮರದ ಪೆಟ್ಟಿಗೆಗೆ ತೇವ ತಾಗಬಾರದು. ತಲೆ ಮೇಲೆ ಕಪ್ಪು ಬಟ್ಟೆ, ಎರಡೂ ಕೈ ಕೆಲಸದಲ್ಲಿ, ಕೊಡೆ ಹಿಡಿಯೋಕೆ ಇನ್ನೊಬ್ಬ ಬೇಕು. ಇಷ್ಟೆಲ್ಲ ಮಾಡಿ ಒಂದು ಚಿತ್ರ. ಹಾಗಾಗಿ ಆ ಕಾಲದ ಫೋಟೋಗ್ರಾಫರ್‌ಗಳು ನೆರೆಯನ್ನು ಹೆಚ್ಚಾಗಿ ಎತ್ತರದ ಒಣ ಜಾಗದಿಂದ ನೋಡಿದರು. ದೂರದಿಂದ ನೋಡಿದರೆ ನೆರೆ ಒಂದು ದೃಶ್ಯ, ಅಷ್ಟೇ. ಓಣಿಗೆ ಇಳಿದರೆ ಮಾತ್ರ ನೀರು ಯಾವ ಮನೆಯ ಎಷ್ಟನೇ ಮೆಟ್ಟಿಲಿಗೆ ಬಂತು, ಯಾವ ಬಾಗಿಲು ಮುಚ್ಚಿತು, ಜನ ದಾಟಿದ್ದು ಹೇಗೆ ಅಂತ ಕಾಣೋದು. ಒಂದು ಚಿತ್ರ ಸಂಗತಿ ಹೇಳುತ್ತೆ. ನಾಲ್ಕು ಚಿತ್ರ ಪಕ್ಕ ಪಕ್ಕ ಇಟ್ಟರೆ ಕಾರಣ ಕಾಣೋಕೆ ಶುರುವಾಗುತ್ತೆ.

ಮಳೆಯ ಬೀದಿಗೆ ಇನ್ನೊಂದು ಗುಣ ಇದೆ. ಬಿಸಿಲಲ್ಲಿ ಬೂದು ಬಣ್ಣದ ರಸ್ತೆ ಒದ್ದೆಯಾದರೆ ಕನ್ನಡಿಯಾಗುತ್ತೆ. ಮೋಡದ ಬೆಳಕು ಎಲ್ಲ ಮುಖಗಳ ಮೇಲೂ ಸಮನಾಗಿ ಬೀಳುತ್ತೆ, ಕಡುನೆರಳು ಇರೋದಿಲ್ಲ. ಜನ ಕ್ಯಾಮೆರಾಗೆ ಪೋಸು ಕೊಡೋ ಸ್ಥಿತಿಯಲ್ಲೂ ಇರೋದಿಲ್ಲ, ನೆನೆಯದೆ ಮನೆ ಸೇರೋದೇ ಎಲ್ಲರ ಚಿಂತೆ. ಆದರೆ ಬೆಳಕು ಕಮ್ಮಿ. ಆಗಿನ ಫಿಲ್ಮು ನಿಧಾನದ್ದು, ಕೈ ಅಲುಗಿದರೆ ಚಿತ್ರ ಮಸುಕು. ಸಣ್ಣ, ಮೈಗೆ ಒತ್ತಿ ಹಿಡಿಯಬಹುದಾದ ಯಂತ್ರದ ಬೆಲೆ ತಿಳಿಯುವುದೇ ಇಂಥ ದಿನ.

ಹಣ ಕಾಗದವಾದ ವರ್ಷದಲ್ಲಿ ಒಂದು ಜೂಜು

ಅದೇ 1920ರಲ್ಲಿ ಹಿರಿಯ ಲೈಟ್ಸ್ ತೀರಿಕೊಂಡ. ಕಂಪನಿ ಮಗನ ಕೈಗೆ ಬಂತು. ಜರ್ಮನಿಯ ಸ್ಥಿತಿ ಆಗ ಹೇಳತೀರದು. ಯುದ್ಧದ ಸೋಲು, ಪರಿಹಾರದ ಹೊರೆ, ಅದರ ಮೇಲೆ ಹಣದುಬ್ಬರ. 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಬೆಳಿಗ್ಗೆ ಕೊಟ್ಟ ಸಂಬಳ ಸಂಜೆಗೆ ಬರೀ ಕಾಗದ.

ಇಂಥ ಹೊತ್ತಿನಲ್ಲಿ ಲೈಟ್ಸ್ ಕಂಪನಿ ಪರೀಕ್ಷೆಗಾಗಿ ಎರಡು ಡಜನ್‌ನಷ್ಟು ಕ್ಯಾಮೆರಾಗಳನ್ನು ಮಾಡಿಸಿ ಬೇರೆ ಬೇರೆಯವರ ಕೈಗೆ ಕೊಟ್ಟು ನೋಡಿತು. ಅಭಿಪ್ರಾಯ ಒಂದೇ ತೆರನಾಗಿರಲಿಲ್ಲ. ದೊಡ್ಡ ಪ್ಲೇಟಿಗೆ ಒಗ್ಗಿದ ವೃತ್ತಿಪರರಿಗೆ ಇದು ಆಟದ ಸಾಮಾನಿನ ಹಾಗೆ ಕಂಡಿತು. ಅಂಚೆಚೀಟಿಯಷ್ಟು ನೆಗೆಟಿವ್‌ನಿಂದ ಏನು ಬಂದೀತು ಅನ್ನೋ ಅನುಮಾನ. 1924ರ ಜೂನ್‌ನಲ್ಲಿ ಕಂಪನಿಯೊಳಗೆ ಗಂಟೆಗಟ್ಟಲೆ ಚರ್ಚೆ ನಡೆಯಿತು. ಮಾರುಕಟ್ಟೆ ಇಲ್ಲ, ಹಣ ಇಲ್ಲ, ಅನುಭವ ಇಲ್ಲ ಅನ್ನುವ ವಾದಗಳೆಲ್ಲ ಬಂದವು. ಕೊನೆಗೆ ಕಿರಿಯ ಲೈಟ್ಸ್ ಅಪಾಯ ಮೈಮೇಲೆ ಎಳೆದುಕೊಂಡು, ಉತ್ಪಾದನೆ ಶುರು ಮಾಡಿ ಅಂದ. ಕೆಟ್ಟ ಕಾಲದಲ್ಲಿ ಕಾರ್ಮಿಕರಿಗೆ ಕೈತುಂಬ ಕೆಲಸ ಇರಬೇಕು ಅನ್ನೋ ಕಾಳಜಿ ಆ ತೀರ್ಮಾನದ ಹಿಂದೆ ಇತ್ತು.

1925ರ ವಸಂತದಲ್ಲಿ ಲೈಪ್‌ಜಿಗ್ ಮೇಳದಲ್ಲಿ ಕ್ಯಾಮೆರಾ ಜನರ ಮುಂದೆ ಬಂತು. ಲೈಟ್ಸ್ ಮತ್ತು ಕ್ಯಾಮೆರಾ ಎರಡೂ ಸೇರಿ ಹೆಸರು ಲೈಕಾ. ಅದರ 50 ಮಿಲಿಮೀಟರ್ ಲೆನ್ಸ್ ರೂಪಿಸಿದವನು ಮಾಕ್ಸ್ ಬೆರೆಕ್, ಅದೇ ಕಂಪನಿಯ ವಿಜ್ಞಾನಿ. ಒಂದು ಗುಂಡಿ ತಿರುಗಿಸಿದರೆ ಫಿಲ್ಮೂ ಮುಂದಕ್ಕೆ ಸರಿಯುತ್ತಿತ್ತು, ಷಟರೂ ಸಿದ್ಧವಾಗುತ್ತಿತ್ತು. ಒಂದರ ಮೇಲೆ ಒಂದು ಚಿತ್ರ ಬೀಳುವ ಪ್ರಶ್ನೆಯೇ ಇಲ್ಲ. ಬೀದಿಯಲ್ಲಿ ನಿಂತವನು ಯಂತ್ರದ ಬಗ್ಗೆ ಕಡಿಮೆ ಯೋಚಿಸಿ, ಎದುರಿಗಿರುವ ಮನುಷ್ಯರ ಬಗ್ಗೆ ಹೆಚ್ಚು ಯೋಚಿಸಬಹುದಿತ್ತು. ಮೊದಲ ವರ್ಷ ತಯಾರಾದದ್ದು ಸಾವಿರದ ಆಸುಪಾಸು. ಬೆಲೆ ಸಾಮಾನ್ಯ ಕಾರ್ಮಿಕನಿಗೆ ಎಟುಕುವಂಥದ್ದಲ್ಲ. ಕಾರ್ಮಿಕನೊಬ್ಬ ಕಟ್ಟಿದ ಯಂತ್ರ ಕಾರ್ಮಿಕರ ಜೇಬಿಗೆ ಬರೋಕೆ ಇನ್ನೂ ಹಲವು ದಶಕ ಬೇಕಿತ್ತು.

ಬಾರ್ನಾಕ್ ಸುಮ್ಮನೆ ಕೂರಲಿಲ್ಲ. 1930ರಲ್ಲಿ ಲೆನ್ಸ್ ಬದಲಿಸಬಹುದಾದ ಲೈಕಾ ಬಂತು. 1932ರಲ್ಲಿ ದೂರ ಅಳೆಯುವ ಸಾಧನವನ್ನು ಲೆನ್ಸಿನ ಫೋಕಸ್ ಜೊತೆ ಜೋಡಿಸಿದ ಮಾದರಿ ಬಂತು. ಅದೇ ವರ್ಷ ಹಳೇ ಯಜಮಾನರಾದ ಝೈಸ್ ಬಳಗದವರು ಕಾಂಟ್ಯಾಕ್ಸ್ ಅನ್ನೋ ಕ್ಯಾಮೆರಾ ತಂದು ಪೈಪೋಟಿಗೆ ಇಳಿದರು. ಅದರ ಚೌಕಟ್ಟಿನ ಅಳತೆಯೂ 24×36. ಬಾರ್ನಾಕ್‌ನ ಅಳತೆಗೆ ಪ್ರತಿಸ್ಪರ್ಧಿಗಳೇ ಮುದ್ರೆ ಒತ್ತಿದ ಹಾಗಾಯ್ತು. 1936ರ ಜನವರಿ 16ರಂದು ಬಾಡ್ ನಾವ್‌ಹೈಮ್ ಎಂಬಲ್ಲಿ ಬಾರ್ನಾಕ್ ತೀರಿಕೊಂಡ. ವಯಸ್ಸು 56. ಬದುಕಿಡೀ ಕಾಡಿದ ಉಸಿರಿನ ತೊಂದರೆ ಕೊನೆವರೆಗೂ ಬಿಡಲಿಲ್ಲ.

ಕ್ಯಾಮೆರಾ ಯಾರ ಪರ?

ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಒಂದು ಒಳ್ಳೆ ಆವಿಷ್ಕಾರದ ಕತೆ ಅಷ್ಟೇ ಆಗುತ್ತೆ. ಆದರೆ ಆ ಕ್ಯಾಮೆರಾ ಮುಂದೆ ಎಲ್ಲೆಲ್ಲಿ ಹೋಯಿತು ನೋಡಿ. 1928ರಲ್ಲಿ ಮಾಸ್ಕೋದ ರೋಡ್ಚೆಂಕೊ ಲೈಕಾ ಕೊಂಡು, ಹೊಸ ಸಮಾಜವನ್ನು ಹೊಸ ಕೋನದಿಂದ ನೋಡಬೇಕು ಅಂತ ಛಾವಣಿ ಹತ್ತಿ, ನೆಲಕ್ಕೆ ಬಾಗಿ ಚಿತ್ರ ತೆಗೆದ. 1932ರಲ್ಲಿ ಪ್ಯಾರಿಸ್‌ನ ರೈಲು ನಿಲ್ದಾಣವೊಂದರ ಹಿಂದೆ ನೀರು ನಿಂತ ಜಾಗವನ್ನು ಒಬ್ಬ ಮನುಷ್ಯ ಜಿಗಿದು ದಾಟುವಾಗ ಆರಿ ಕಾರ್ತಿಯೆ ಬ್ರೆಸೋಂ ತೆಗೆದ ಚಿತ್ರ, ಬೀದಿ ಫೋಟೋಗ್ರಫಿ ಕಲಿಯುವವರಿಗೆ ಇವತ್ತಿಗೂ ಮೊದಲ ಪಾಠ. ಅದೇ ಬ್ರೆಸೋಂ 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಹೌಸ್‌ನಲ್ಲಿ ಗಾಂಧೀಜಿಯನ್ನು ಭೇಟಿಯಾಗಿ ಹೊರಟ ಸ್ವಲ್ಪ ಹೊತ್ತಿನಲ್ಲೇ ಅವರ ಹತ್ಯೆಯಾಯಿತು. ಆ ರಾತ್ರಿಯ ದುಃಖ, ಮರುದಿನದ ಅಂತ್ಯಯಾತ್ರೆ ಜಗತ್ತಿಗೆ ಕಂಡದ್ದು ಆತನಂಥವರ ಕೈಯಲ್ಲಿದ್ದ ಸಣ್ಣ ಕ್ಯಾಮೆರಾಗಳ ಮೂಲಕವೂ ಹೌದು.

ಇನ್ನೊಂದು ಮಗ್ಗುಲೂ ಇದೆ. ಹಿಟ್ಲರನ ಸೈನ್ಯದ ಪ್ರಚಾರ ತುಕಡಿಗಳ ಫೋಟೋಗ್ರಾಫರ್‌ಗಳ ಕುತ್ತಿಗೆಯಲ್ಲೂ ಲೈಕಾ ನೇತಾಡುತ್ತಿತ್ತು. ಅದೇ ಹೊತ್ತಿನಲ್ಲಿ ಲೈಟ್ಸ್ ಮಾಲೀಕ ತನ್ನ ಯಹೂದಿ ನೌಕರರಿಗೆ, ಪರಿಚಿತರಿಗೆ ವಿದೇಶದಲ್ಲಿ ಕೆಲಸ ಕೊಡಿಸುವ ನೆಪದಲ್ಲಿ ದೇಶ ಬಿಡಲು ನೆರವಾದ. ಯಹೂದಿ ಹೆಂಗಸೊಬ್ಬಳನ್ನು ಗಡಿ ದಾಟಿಸಲು ಯತ್ನಿಸಿದ್ದಕ್ಕೆ ಆತನ ಮಗಳು ಎಲ್ಸಿ 1943ರಲ್ಲಿ ಗೆಸ್ಟಪೊ ಪೊಲೀಸರ ಸೆರೆಯಾದಳು. ಹಾಗಂತ ಕಂಪನಿಯನ್ನು ಪುಣ್ಯಕ್ಷೇತ್ರ ಮಾಡಬೇಕಿಲ್ಲ. ಯುದ್ಧದ ವರ್ಷಗಳಲ್ಲಿ ಅದೇ ಕಾರ್ಖಾನೆಯಲ್ಲಿ ಉಕ್ರೇನ್‌ನಿಂದ ಹಿಡಿದು ತಂದ ಹೆಂಗಸರ ಬಲವಂತದ ದುಡಿಮೆಯೂ ನಡೆಯಿತು. ಒಂದೇ ಗೇಟಿನೊಳಗೆ ಎರಡೂ ಇದ್ದವು.

ತಂತ್ರಜ್ಞಾನ ತಾನಾಗಿ ಜನಪರ ಅಲ್ಲ, ತಾನಾಗಿ ಜನವಿರೋಧಿಯೂ ಅಲ್ಲ. ಆದರೆ ಅದು ಎಷ್ಟು ಜನರ ಕೈಗೆ ಸಿಗುತ್ತೆ, ಯಾರ ಕಡೆಯಿಂದ ಯಾರ ಕಡೆ ನೋಡುತ್ತೆ ಅನ್ನೋದು ರಾಜಕೀಯವೇ. ಸರ್ಕಾರ ಕಂಬದ ಮೇಲೆ ಹಾಕಿದ ಕ್ಯಾಮೆರಾ ಮೇಲಿಂದ ಕೆಳಗೆ ನೋಡುತ್ತೆ. ಜೇಬಿನ ಕ್ಯಾಮೆರಾ ಎದುರುಬದುರು ನೋಡುತ್ತೆ. ಎರಡಕ್ಕೂ ಲೆನ್ಸ್ ಇದೆ ಅನ್ನೋ ಕಾರಣಕ್ಕೆ ಎರಡೂ ಒಂದೇ ಅಲ್ಲ.

2022ರ ಜೂನ್‌ನಲ್ಲಿ ವೆಟ್ಸ್‌ಲಾರ್‌ನಲ್ಲಿ ನಡೆದ ಹರಾಜಿನಲ್ಲಿ, ಬಾರ್ನಾಕ್ ಸ್ವಂತಕ್ಕೆ ಬಳಸುತ್ತಿದ್ದ, ಆತನ ಹೆಸರು ಕೆತ್ತಿದ್ದ 105ನೇ ಸಂಖ್ಯೆಯ ಪರೀಕ್ಷಾ ಕ್ಯಾಮೆರಾ 1.44 ಕೋಟಿ ಯೂರೋಗೆ ಹೋಯಿತು. ಭಾರ ಹೊರಲಾಗದವನು ಮಾಡಿಕೊಂಡ ಹಗುರ ಸಾಮಾನು ಶ್ರೀಮಂತರ ತಿಜೋರಿ ಸೇರಿತು. ಆದರೆ ಆತನ ನಿಜವಾದ ಆಸ್ತಿ ಅದಲ್ಲ. ನಿಮ್ಮ ಮೊಬೈಲ್‌ನ ವಿವರಪಟ್ಟಿ ತೆಗೆದು ನೋಡಿ. ಕ್ಯಾಮೆರಾ ಲೆನ್ಸ್ 24 ಮಿಲಿಮೀಟರ್, 26 ಮಿಲಿಮೀಟರ್ ಅಂತೆಲ್ಲ ಬರೆದಿರುತ್ತೆ. ಅಷ್ಟು ತೆಳ್ಳನೆಯ ಫೋನಿನೊಳಗೆ ಅಷ್ಟು ಉದ್ದದ ಅಳತೆ ಎಲ್ಲಿಂದ ಬಂತು? ಅದು 24×36 ಚೌಕಟ್ಟಿಗೆ ಹೋಲಿಸಿ ಹೇಳುವ ಲೆಕ್ಕ. ಫಿಲ್ಮ್ ಹೋಯಿತು, ಕ್ಯಾಮೆರಾ ಅಂಗಡಿಗಳು ಮುಚ್ಚಿದವು. ಆದರೂ ಜಗತ್ತಿನ ಪ್ರತಿ ಮೊಬೈಲು ಇವತ್ತಿಗೂ ಬಾರ್ನಾಕ್‌ನ ಅಳತೆಗೋಲಿನಲ್ಲೇ ಮಾತಾಡುತ್ತೆ.

ಈ ಮಳೆಗಾಲಕ್ಕೆ

ವಾಣಿ ವಿಲಾಸ ಸಾಗರ ಕೋಡಿ ಬಿದ್ದ ಅದೇ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿತ್ತು. ಹಿರಿಯೂರಿನಿಂದ ಬಂದದ್ದು ಸಂಭ್ರಮದ ಚಿತ್ರ, ಬೆಂಗಳೂರಿನಿಂದ ಬಂದದ್ದು ಅವಮಾನದ ಚಿತ್ರ. ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೊರಟ ಟೆಕ್ಕಿಗಳು, ನೀರಲ್ಲಿ ತೇಲಿದ ದುಬಾರಿ ಕಾರುಗಳು ದೇಶವಿಡೀ ಓಡಾಡಿದವು. ಆ ಚಿತ್ರಗಳಿಂದ ಒಂದು ಒಳ್ಳೆಯದಾಯ್ತು. ರಾಜಕಾಲುವೆ ಒತ್ತುವರಿ ಅನ್ನೋ ಕಡತದ ಪದ ಮನೆಮನೆಯ ಮಾತಾಯ್ತು. ಆದರೆ ಬಡಾವಣೆಯ ಗೋಡೆಯಾಚೆ ಶೀಟಿನ ಮನೆಗಳಲ್ಲಿದ್ದ ಕಟ್ಟಡ ಕಾರ್ಮಿಕರ, ಮನೆಗೆಲಸದವರ ಚಿತ್ರ ಎಷ್ಟು ನೋಡಿದಿರಿ? ಎಲ್ಲರ ಜೇಬಲ್ಲೂ ಕ್ಯಾಮೆರಾ ಇದ್ದರೂ ಎಲ್ಲರ ಕಡೆಗೂ ಅದು ತಿರುಗಲಿಲ್ಲ. ಯಂತ್ರ ಹಗುರವಾಯ್ತು, ನಮ್ಮ ನೋಟ ಮಾತ್ರ ಒಣ ಜಾಗ ಬಿಟ್ಟು ಕದಲಲಿಲ್ಲ.

ಚಿತ್ರದುರ್ಗದವರಿಗೆ ಮಳೆ ನೀರಿನ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಬಂಡೆಗಳ ಮೇಲೆ ಬಿದ್ದ ನೀರು ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಇಳಿದು ಊರ ಕೆಳಗಿನ ಸಂತೆಹೊಂಡ ಸೇರುವ ಹಾಗೆ ಕೋಟೆ ಕಟ್ಟಿದವರ ನೆಲ ಇದು. ನೀರಿಗೆ ಹೋಗುವ ದಾರಿ ಇರಬೇಕು ಅನ್ನೋದು ಆ ಕಾಲದವರಿಗೆ ಗೊತ್ತಿತ್ತು. ಇವತ್ತು ಚಿತ್ರದುರ್ಗ ಇರಲಿ, ಹೊಳಲ್ಕೆರೆ ಇರಲಿ, ಹೊಸದುರ್ಗ ಇರಲಿ, ನಿಮ್ಮೂರಿನಲ್ಲಿ ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತೆ ಅಂತ ನಿಮಗೆ ಗೊತ್ತು. ಅದು ಯಾರ ಮನೆ ಮುಂದೆ ನಿಲ್ಲುತ್ತೆ, ಯಾರ ಮನೆ ಮುಂದೆ ನಿಲ್ಲೋದಿಲ್ಲ ಅನ್ನೋದೂ ಗೊತ್ತು.

ಮುಂದಿನ ಮಳೆಗೆ ಹೊರಗೆ ಹೋಗಿ. ಮಳೆಯ ಬೀದಿ ಚೆಂದ, ಆ ಚೆಂದವನ್ನೂ ತೆಗೆಯಿರಿ. ಕೊಡೆಗಳು, ನೀರಲ್ಲಿ ಬಿದ್ದ ದೀಪದ ಬೆಳಕು, ಮಿರ್ಚಿ ಗಾಡಿಯ ಹೊಗೆ, ಬಸ್ ಸ್ಟ್ಯಾಂಡಿನಲ್ಲಿ ಒತ್ತೊತ್ತಾಗಿ ನಿಂತ ಶಾಲೆಯ ಮಕ್ಕಳು. ಯಾರದಾದರೂ ಮುಖ ಹತ್ತಿರದಿಂದ ತೆಗೆಯೋದಾದ್ರೆ ಅಣ್ಣಾ, ಅಕ್ಕಾ, ಒಂದು ಫೋಟೋ ತೆಗೀಲಾ ಅಂತ ಕೇಳಿ. ಕಷ್ಟದಲ್ಲಿರುವವರ ಮರ್ಯಾದೆ ನಿಮ್ಮ ಚಿತ್ರಕ್ಕಿಂತ ದೊಡ್ಡದು. ಒಂದು ಚೆಂದದ ಚಿತ್ರಕ್ಕೆ ತೃಪ್ತಿಪಟ್ಟು ವಾಪಸ್ ಬರಬೇಡಿ. ಅದೇ ಜಾಗದಲ್ಲಿ ಇನ್ನೂ ಮೂರು ತೆಗೆಯಿರಿ: ನೀರು ಬಂದ ದಾರಿ, ಅದನ್ನು ತಡೆದ ಗೋಡೆ ಅಥವಾ ಕಸ, ನೀರು ಮುಟ್ಟಿದ ಹೊಸ್ತಿಲು. ದಿನಾಂಕ, ಬೀದಿಯ ಹೆಸರು ಬರೆದಿಡಿ. ಮುಂದಿನ ವರ್ಷ ಅದೇ ಜಾಗಕ್ಕೆ ಹೋಗಿ ಮತ್ತೆ ತೆಗೆಯಿರಿ. ವಾರ್ಡಿನ ಸದಸ್ಯರು ಕಳೆದ ಸಲ ಹೀಗಿರಲಿಲ್ಲ ಅಂದಾಗ ನಿಮ್ಮ ಹತ್ತಿರ ಉತ್ತರ ಇರುತ್ತೆ.

ಬಾರ್ನಾಕ್ ಭಾಷಣ ಮಾಡಿದವನಲ್ಲ, ಚಳವಳಿ ಕಟ್ಟಿದವನೂ ಅಲ್ಲ. ತನ್ನ ಉಸಿರಿಗೆ ಭಾರವಾದದ್ದನ್ನು ಹಗುರ ಮಾಡಿದ ಕಸುಬುದಾರ, ಅಷ್ಟೇ. ಆದರೆ ನೀರು ಊರೊಳಗೆ ಬಂದ ದಿನ ಆತ ನೀರಿದ್ದ ಬೀದಿಗೇ ಹೋದ.